ಮೂರು ವರ್ಷದ ಮಗೂನ ಬೊಟಾನಿಕಲ್ ಗಾರ್ಡನ್‌ಗೆ ಕರ್ಕೊಂಡು ಹೋಗೋರು ಏನು ತೋರಿಸ್ತೀರಿ, ಎಷ್ಟು ತೋರಿಸ್ತೀರಿ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ ನಾಲ್ಕು ತಿಂಗಳು. ಹೋದ ಭಾನುವಾರ ಮೊದಲನೇ ಸಲ ಅವಳನ್ನ ಬೊಟಾನಿಕಲ್ ಗಾರ್ಡನ್‌ಗೆ ಕರ್ಕೊಂಡು ಹೋಗಿದ್ದೆ. ಹಿಂದಿನ ದಿನಾನೇ ಮ್ಯಾಪ್ ನೋಡಿ ಲೆಕ್ಕ ಹಾಕಿಟ್ಟಿದ್ದೆ, ಮೊದಲು ಗಾಜಿನ ಮನೆ, ಆಮೇಲೆ ತಾವರೆ ಕೊಳ, ಅಲ್ಲಿಂದ ಕಳ್ಳಿಗಿಡಗಳು, ಕೊನೆಗೆ ಪಾಮ್ ಸಾಲು ಅಂತ. ಗೇಟ್ ದಾಟಿ ನೂರು ಹೆಜ್ಜೆ ಹೋಗಿಲ್ಲ, ಅವಳು ದಾರಿ ಅಂಚಲ್ಲಿ ಇರುವೆ ಸಾಲು ನೋಡ್ತಾ ಕೂತ್ಬಿಟ್ಲು. ಅಲ್ಲಿಂದ ಎಬ್ಬಿಸಿದ್ರೆ ನೀರಿನ ಪೈಪು ಸೋರೋ ಜಾಗ, ಅಲ್ಲಿಂದ ಎಳ್ಕೊಂಡು ಬಂದ್ರೆ ಜಲ್ಲಿ ಕಲ್ಲಿನ ರಾಶಿ. ಎರಡು ಗಂಟೆ ಹಿಂಗೇ ಹೋಯ್ತು, ನಾನು "ಬಾ ಬಾ, ಅಲ್ಲಿ ದೊಡ್ಡ ಹೂವಿದೆ" ಅಂತ ಕೈ ಹಿಡಿದು ಎಳೀತಾನೇ ಇದ್ದೆ, ಕಳ್ಳಿಗಿಡದ ಹತ್ರ ಬರೋ ಹೊತ್ತಿಗೆ ಅವಳು ನೆಲಕ್ಕೆ ಬಿದ್ದು ಅಳೋಕೆ ಶುರು ಮಾಡಿದ್ಲು, ನಾನು ಗದರಿದೆ, ಇಬ್ರೂ ಮಾತಾಡದೇ ಮನೆಗೆ ಬಂದ್ವಿ.

ರಾತ್ರಿ ಮಲಗೋವಾಗ ಅವರಪ್ಪನ ಹತ್ರ "ಅಪ್ಪಾ, ಒಂದು ಮರಕ್ಕೆ ಕಾಲು ಆಚೆ ಬಂದಿತ್ತು" ಅಂತ ಹೇಳಿದ್ಲು. ಯಾವ ಮರ ಅಂತ ನಂಗೆ ಗೊತ್ತೇ ಇಲ್ಲ, ನಾನು ನೋಡೇ ಇಲ್ಲ. ಅದು ಮನಸ್ಸಲ್ಲೇ ಕೊರೀತಾ ಇದೆ. ಮತ್ತೆ ಹೋಗ್ಬೇಕು ಅಂತಿದೀನಿ. ನೀವೆಲ್ಲ ಹೇಗೆ ಮಾಡ್ತೀರಿ? ಗಿಡದ ಹೆಸರು ಹೇಳ್ಕೊಡ್ಬೇಕಾ? ತಳ್ಳುಗಾಡಿ ತಗೊಂಡು ಹೋಗ್ಬೇಕಾ? ಎಷ್ಟು ಹೊತ್ತು ಇರ್ಬೇಕು?

ಎರಡು ಮಕ್ಕಳ ಅಮ್ಮ
ನಿಮ್ಮ ಮಗಳು ಗಾರ್ಡನ್ ಚೆನ್ನಾಗೇ ನೋಡಿದಾಳೆ ಕಣ್ರೀ. ನಮ್ಮ ಕಣ್ಣು ಇರೋದು ಐದಡಿ ಮೇಲೆ, ಅವರದು ಮೂರಡಿ. ಬೋರ್ಡು, ಹೂವು, ಮರದ ತುದಿ ಎಲ್ಲ ನಮ್ಮ ಎತ್ತರಕ್ಕೆ ಸಿಗೋದು, ಅವರಿಗೆ ಸಿಗೋದು ಬೇರು, ಇರುವೆ, ಎಲೆ ಕೆಳಭಾಗ. ಒಂದ್ಸಲ ನೀವೂ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ, ಅಲ್ಲಿ ಕಾಣೋದೇ ಬೇರೆ.

ನನ್ನ ದೊಡ್ಡ ಮಗ ನಾಲ್ಕು ವರ್ಷದವನಿದ್ದಾಗ ಜರಿಗಿಡಗಳ ಮನೆಗೆ ಹೋಗಿದ್ವಿ. ನಾನು ನಿಂತ್ಕೊಂಡು ಎಲ್ಲ ಹಸಿರು ಒಂದೇ ತರ ಇದೆ ಅಂತ ಮುಂದೆ ಹೋಗೋಳಿದ್ದೆ, ಅವನು ಕೆಳಗಿಂದ ತಲೆ ಎತ್ತಿ ನೋಡಿ "ಅಮ್ಮಾ ಹುಳ ಮೊಟ್ಟೆ ಇಟ್ಟಿದೆ" ಅಂದ. ಬಗ್ಗಿ ನೋಡಿದ್ರೆ ಎಲೆ ಹಿಂದೆ ಕಂದು ಚುಕ್ಕಿ ಸಾಲು, ಮಷೀನಲ್ಲಿ ಹೊಲಿಗೆ ಹಾಕಿದಷ್ಟು ಸರಿಯಾಗಿ, ನಡುನರದ ಆ ಕಡೆ ಈ ಕಡೆ ಎರಡೇ ಸಾಲು. ಅದು ಮೊಟ್ಟೆ ಅಲ್ಲ, ಜರಿಗಿಡಕ್ಕೆ ಹೂವೂ ಇಲ್ಲ ಬೀಜಾನೂ ಇಲ್ಲ, ಆ ಚುಕ್ಕಿ ಒಳಗಿರೋ ಪುಡಿ ಇದೆಯಲ್ಲ, ಬೀಜಾಣು ಅಂತಾರೆ, ಅದು ಗಾಳೀಲಿ ಹಾರಿ ತೇವ ಇರೋ ಕಡೆ ಬಿದ್ದು ಹೊಸ ಗಿಡ ಆಗೋಕೆ ದಾರಿ. ಅವತ್ತು ಬಿದ್ದಿದ್ದ ಒಂದು ತುಂಡು ಎಲೇನ ಅಲ್ಲಿದ್ದೋರ್ನ ಕೇಳಿ ತಗೊಂಡು ಬಂದು ಬಿಳಿ ಹಾಳೆ ಮೇಲೆ ಮಗುಚಿಟ್ವಿ, ಮಾರನೇ ದಿನ ಎಲೆ ಎತ್ತಿದ್ರೆ ಹಾಳೆ ಮೇಲೆ ಅದೇ ಎಲೆ ಆಕಾರದಲ್ಲಿ ಕಂದು ಧೂಳು ಬಿದ್ದಿತ್ತು. ಈಗ ಅವನಿಗೆ ಒಂಬತ್ತು, ಇನ್ನೂ ಜರಿಗಿಡ ಕಂಡ್ರೆ ಎಲೆ ಮಗುಚಿ ನೋಡದೇ ಮುಂದೆ ಹೋಗಲ್ಲ.

ಬೆಳಗಿನ ಆರು
ನಾನು ಸ್ವಲ್ಪ ಬೇರೆ ತರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮಗು ಕರ್ಕೊಂಡು ಹೋದ ಕಡೆ ಹೋಗೋದು ಸರಿ, ಆದ್ರೆ ಪ್ಲಾನೇ ಬೇಡ ಅನ್ನೋದು ಸರಿಯಲ್ಲ. ನಮ್ಮ ಅವಳಿಗಳಿಗೆ ಎರಡೂವರೆ. ಪ್ಲಾನ್ ಇಲ್ಲದೇ ಹೋಗಿ ಬಿಸಿಲಲ್ಲಿ ಟಾಯ್ಲೆಟ್ ಹುಡುಕ್ತಾ ಅರ್ಧ ಕಿಲೋಮೀಟರ್ ಇಬ್ಬರನ್ನೂ ಎತ್ಕೊಂಡು ಓಡಿದೀನಿ. ಪ್ಲಾನ್ ಮಾಡ್ಬೇಕಾದ್ದು ಗಿಡಗಳದ್ದಲ್ಲ, ಟಾಯ್ಲೆಟ್, ಕುಡಿಯೋ ನೀರು, ನೆರಳು, ಕೂರೋ ಜಾಗ, ವಾಪಸ್ ಬರೋ ದಾರಿ, ಇದರದ್ದು. ಗೇಟಿನ ಒಳಗೆ ಹೋದ ತಕ್ಷಣ ಮೊದಲು ಟಾಯ್ಲೆಟ್, ಬೇಡ ಅಂದ್ರೂ ಒಂದ್ಸಲ ಕೂರಿಸ್ಬಿಡಿ. ಬೆಳಗ್ಗೆ ತೆರೆದ ಕೂಡ್ಲೇ ಹೋಗಿ, ಒಂದೂವರೆ ಗಂಟೆ ಸಾಕು, ಅವರಿಗೆ ಹಸಿವಾಗಿ ನಿದ್ದೆ ಬರೋ ಮುಂಚೆ ಆಚೆ ಬಂದ್ಬಿಡಿ. ಇನ್ನೂ ಇರ್ಬೇಕು ಅಂತ ಹಟ ಮಾಡೋವಾಗಲೇ ಹೊರಟ್ರೆ ಮುಂದಿನ ಸಲ ಅವರೇ ಕರೀತಾರೆ.

ಗಾಜಿನ ಮನೆ ನೋಡೋದಿದ್ರೆ ಅದೇ ಮೊದಲು. ಒಳಗೆ ಶೆಕೆ, ಗಾಳಿ ಆಡಲ್ಲ, ಮಧ್ಯಾಹ್ನದ ಹೊತ್ತಿಗೆ ದೊಡ್ಡೋರಿಗೇ ಉಸಿರು ಕಟ್ಟಿದಂಗೆ ಆಗುತ್ತೆ. ಹತ್ತು ನಿಮಿಷದ ಮೇಲೆ ಇಟ್ಕೋಬೇಡಿ.

ತಳ್ಳುಗಾಡಿ ವಿಷಯ: ಜಲ್ಲಿ ಹಾಕಿರೋ ದಾರೀಲಿ ಸಣ್ಣ ಚಕ್ರದ್ದು ಹೂತ್ಕೊಳ್ಳುತ್ತೆ. ನಾವು ಹೋದ ಒಂದು ಕಡೆ ಗಾಜಿನ ಮನೆಗೆ ಏಳು ಮೆಟ್ಟಿಲು, ಪಕ್ಕದಲ್ಲಿ ಇಳಿಜಾರು ದಾರಿ ಇರ್ಲಿಲ್ಲ, ಗಾಡಿ ಹೊರಗೇ ಬಿಡ್ಬೇಕಾಯ್ತು. ಗಾಲಿಕುರ್ಚಿಲಿ ಬಂದಿದ್ದ ಅಜ್ಜಿಯೊಬ್ರು ಒಳಗೆ ಹೋಗೋಕಾಗದೇ ಬಾಗಿಲಲ್ಲೇ ಕೂತಿದ್ರು, ನೋಡಿ ತುಂಬಾ ಸಂಕಟ ಆಯ್ತು. ಇಂಥದ್ದನ್ನ ಗಾರ್ಡನ್ನೋರಿಗೆ ಬರೆದು ಕೊಡಿ, ನಾನು ಕೊಟ್ಟು ಬಂದೆ.

ನೆರಳು
ಮುಟ್ಟಿದರೆ ಮುನಿ ಎಲ್ಲಿದೆ ಅಂತ ಕೇಳಿ ಹೋಗಿ. ನನ್ನ ಮಗಳು ಮೂರು ವರ್ಷಕ್ಕೆ ಮೊದಲ ಸಲ ಮುಟ್ಟಿದಾಗ ಎಲೆ ಮಡಚ್ಕೊಂಡಿದ್ದು ನೋಡಿ ಕೈ ಹಿಂದೆ ಎಳ್ಕೊಂಡು "ಸಾರಿ" ಅಂದ್ಲು, ಗಿಡಕ್ಕೆ. ನೋವಾಯ್ತು ಅಂದ್ಕೊಂಡ್ಲೇನೋ. ಎಲೆ ಬುಡದಲ್ಲಿ ಸಣ್ಣ ಗಂಟು ಇರುತ್ತೆ, ಅದರೊಳಗಿನ ಕೋಶಗಳಲ್ಲಿ ನೀರು ತುಂಬಿದ್ರೆ ಎಲೆ ಬಿಚ್ಕೊಂಡಿರುತ್ತೆ, ಮುಟ್ಟಿದ ತಕ್ಷಣ ಒಂದು ಬದಿ ಕೋಶಗಳಿಂದ ನೀರು ಆಚೆ ಹೋಗಿ ಆ ಬದಿ ಸಡಿಲ ಆಗುತ್ತೆ, ಎಲೆ ಮಡಚ್ಕೊಳ್ಳುತ್ತೆ. ಅವಳಿಗೆ ಬಲೂನಿನ ಗಾಳಿ ಬಿಟ್ಟಂಗೆ ಅಂತ ಹೇಳಿದೆ. ಆಮೇಲೆ ಮುಖ್ಯವಾದ ಭಾಗ ಬರೋದು, ಅದು ಮತ್ತೆ ಬಿಚ್ಕೊಳ್ಳೋವರೆಗೂ ಕಾಯೋದು. ಹತ್ತು ಹದಿನೈದು ನಿಮಿಷ ಆಗುತ್ತೆ. ಅಷ್ಟು ಹೊತ್ತು ನನ್ನ ಮಗಳು ಅಲ್ಲಾಡದೇ ಕೂತಿದ್ಲು ನಂಬ್ತೀರಾ, ಟಿವಿ ಮುಂದೇನೂ ಅಷ್ಟು ಸುಮ್ಮನೆ ಕೂರಲ್ಲ.

ರಾತ್ರಿ ಏನು ಮಾಡುತ್ತೆ ಅಂತ ಕೇಳಿದ್ಲು. ರಾತ್ರಿ ಮಡಚ್ಕೊಂಡೇ ಇರುತ್ತೆ. 1729ರಲ್ಲೇ ಡಿ ಮೈರಾನ್ ಅನ್ನೋ ಫ್ರೆಂಚ್ ವಿಜ್ಞಾನಿ ಇಂಥ ಗಿಡಾನ ಪೂರ್ತಿ ಕತ್ತಲಲ್ಲಿ ಇಟ್ಟು ನೋಡಿದ್ರು, ಬೆಳಕೇ ಇಲ್ದಿದ್ರೂ ಹಗಲಾಗೋ ಹೊತ್ತಿಗೆ ಎಲೆ ಬಿಚ್ಕೊಳ್ತಿತ್ತು, ರಾತ್ರಿ ಹೊತ್ತಿಗೆ ಮುಚ್ಕೊಳ್ತಿತ್ತು. ಗಿಡದೊಳಗೇ ಗಡಿಯಾರ ಇದೆ ಅನ್ನೋಕೆ ಸಿಕ್ಕ ಮೊದಮೊದಲ ಸುಳಿವು ಅದು. ಈಗ ನಮ್ಮನೇಲಿ ಮಲಗೋ ಟೈಮಾಯ್ತು ಅನ್ನೋಕೆ "ಮುಟ್ಟಿದರೆ ಮುನಿ ಮಲಗ್ತು" ಅಂದ್ರೆ ಸಾಕು.

ತೋಟದ ಕೆಲಸ
ನಾನು ಹದಿನಾಲ್ಕು ವರ್ಷದಿಂದ ಒಂದು ಬೊಟಾನಿಕಲ್ ಗಾರ್ಡನ್ನಲ್ಲಿ ಕೆಲಸ ಮಾಡ್ತಿದೀನಿ. ಮಳೆಹನಿ ಮೇಡಂ, ನಿಮ್ಮ ಮಗಳು ಹೇಳಿದ "ಕಾಲು" ಯಾವುದು ಅಂತ ನಂಗೆ ಗೊತ್ತಾಯ್ತು ಅನ್ಸುತ್ತೆ. ಮಳೆಕಾಡಿನ ದೊಡ್ಡ ಮರಗಳಿಗೆ ಬುಡದಲ್ಲಿ ಹಲಗೆ ನಿಲ್ಲಿಸಿದ ಹಾಗೆ ಬೇರು ಆಚೆ ಬಂದಿರುತ್ತೆ, ಹಲಗೆ ಬೇರು ಅಂತೀವಿ. ಅಲ್ಲಿ ಮಣ್ಣಿನ ಸತ್ವ ಎಲ್ಲ ಮೇಲ್ಪದರದಲ್ಲೇ ಇರೋದ್ರಿಂದ ಬೇರು ಆಳಕ್ಕೆ ಇಳಿಯಲ್ಲ, ಅಗಲಕ್ಕೆ ಹರಡುತ್ತೆ, ಅಷ್ಟೆತ್ತರದ ಮರ ಗಾಳಿಗೆ ಬೀಳದ ಹಾಗೆ ಈ ಹಲಗೆಗಳು ಆತುಕೊಂಡು ನಿಂತಿರ್ತವೆ. ಕಾಲು ಅಂದಿದ್ದು ತಪ್ಪೇನಲ್ಲ, ಮಾಡೋ ಕೆಲಸ ಅದೇ.

ಒಂದು ಕೋರಿಕೆ. ಮಕ್ಕಳನ್ನ ಆ ಬೇರಿನ ಮೇಲೆ ಹತ್ತಿಸಿ ಫೋಟೋ ತೆಗೀಬೇಡಿ. ಬೇರಿನ ಸಿಪ್ಪೆ ತೆಳ್ಳಗಿರುತ್ತೆ, ಶೂ ತಾಗಿ ಗಾಯ ಆದ್ರೆ ಅಲ್ಲಿಂದ ಶಿಲೀಂಧ್ರ ಒಳಗೆ ಹೋಗುತ್ತೆ. ಬುಡದ ಮಣ್ಣನ್ನ ದಿನಾ ನೂರಾರು ಜನ ತುಳಿದ್ರೆ ಮಣ್ಣು ಗಟ್ಟಿಯಾಗಿ ಗಾಳಿ ನೀರು ಇಳಿಯಲ್ಲ, ಮರ ನಿಂತಲ್ಲೇ ಸೊರಗುತ್ತೆ, ನಮಗೆ ಗೊತ್ತಾಗೋದು ಎಷ್ಟೋ ವರ್ಷ ಆದ್ಮೇಲೆ. ಬೇಲಿ ಹಾಕಿರೋದು ಮಕ್ಕಳ ಮೇಲೆ ಕೋಪಕ್ಕಲ್ಲ.

ಇನ್ನೊಂದು, ಮರಕ್ಕೆ ಕಟ್ಟಿರೋ ಸಣ್ಣ ತಗಡಿನ ಬಿಲ್ಲೆ ನೋಡಿ. ದೊಡ್ಡ ಬೋರ್ಡಲ್ಲ, ಬೆರಳಗಲದ್ದು, ಅದರ ಮೇಲೆ ನಂಬರ್ ಒತ್ತಿರುತ್ತೆ. ಸಾಮಾನ್ಯವಾಗಿ ಮೊದಲ ಅಂಕೆಗಳು ಆ ಗಿಡ ನಮ್ಮ ದಾಖಲೆಗೆ ಸೇರಿದ ವರ್ಷ. ಎಲ್ಲಿಂದ ಬಂತು, ಬೀಜವಾಗಿ ಬಂತಾ ಸಸಿಯಾಗಿ ಬಂತಾ ಎಲ್ಲ ಆ ನಂಬರ್ ಹಿಡಿದು ಹುಡುಕಬಹುದು. ಪಾರ್ಕಿಗೂ ನಮಗೂ ಇರೋ ವ್ಯತ್ಯಾಸ ಆ ಬಿಲ್ಲೇನೇ. ಐದಾರು ವರ್ಷದ ಮಕ್ಕಳಿಗೆ "ಅಮ್ಮನಿಗಿಂತ ದೊಡ್ಡ ಮರ ಹುಡುಕು" ಅಂತ ಹೇಳಿದ್ರೆ ಬಿಲ್ಲೆ ಓದ್ತಾ ಓದ್ತಾ ಅಂಕಿ ಕಲೀತಾರೆ.

ನೊಣ ಹಿಡಿಯೋ ಗಿಡ, ವೀನಸ್ ಫ್ಲೈಟ್ರ್ಯಾಪ್ ಅಂತಾರಲ್ಲ, ಅದರ ಬಾಯಿಗೆ ಕಡ್ಡಿ ಹಾಕಿಸ್ಬೇಡಿ. ಒಳಗಿರೋ ಸಣ್ಣ ಕೂದಲನ್ನ ಸುಮಾರು 20 ಸೆಕೆಂಡ್ ಒಳಗೆ ಎರಡು ಸಲ ತಾಗಿದ್ರೆ ಮಾತ್ರ ಮುಚ್ಚುತ್ತೆ, ಮಳೆಹನಿ ಒಂದು ಬಿದ್ರೆ ಮೋಸ ಹೋಗಲ್ಲ. ಆದ್ರೆ ಒಂದೊಂದು ಬಾಯೂ ಕೆಲವೇ ಸಲ ಮುಚ್ಚಿ ತೆರೆದು ಆಮೇಲೆ ಒಣಗಿಹೋಗುತ್ತೆ. ನಿಮ್ಮ ಮಗು ಕಡ್ಡಿ ಹಾಕಿದ್ರೆ ಗಿಡಕ್ಕೆ ಊಟಾನೂ ಇಲ್ಲ, ಶಕ್ತೀನೂ ಹೋಯ್ತು. ಮುಚ್ಚಿರೋ ಬಾಯಿ ಹುಡುಕಿ, ಬೆಳಕಿಗೆ ಎದುರಾಗಿ ನೋಡಿ, ಒಳಗೆ ಸಿಕ್ಕಿರೋ ನೊಣದ ನೆರಳು ಕಾಣುತ್ತೆ.

ಮಳೆಹನಿ
ಸರ್, ಹಲಗೆ ಬೇರು! ಅದೇ ಇರ್ಬೇಕು. ಮಗಳಿಗೆ ನಿಮ್ಮ ಮಾತು ಓದಿ ಹೇಳಿದೆ, "ಮರ ಬೀಳ್ಬಾರ್ದು ಅಂತ ಕಾಲು ಅಗಲ ಮಾಡ್ಕೊಂಡಿದೆ" ಅಂತ. ಎದ್ದು ನಿಂತು ಕಾಲು ಅಗಲ ಮಾಡ್ಕೊಂಡು "ನನ್ನ ತಳ್ಳು" ಅಂದ್ಲು. ನಾಲ್ಕೈದು ಸಲ ತಳ್ಳಿಸ್ಕೊಂಡ್ಲು.

ಒಬ್ಬ ಅಪ್ಪ
ಎಲ್ಲರೂ ಒಳ್ಳೇದೇ ಹೇಳ್ತಿದೀರಿ, ಆದ್ರೆ ಇದನ್ನ ಹೇಳದೇ ಇರೋಕಾಗಲ್ಲ. ಹೋದ ವರ್ಷ ನನ್ನ ಮಗನಿಗೆ ಎರಡೂವರೆ. ಗಾರ್ಡನ್ನಲ್ಲಿ ಬೆಂಚ್ ಮೇಲೆ ಕೂತು ಅವನ ನೀರಿನ ಬಾಟಲ್ ಮುಚ್ಚಳ ಹಾಕ್ತಿದ್ದೆ, ಅಷ್ಟೇ ಹೊತ್ತು. ಪಕ್ಕದಲ್ಲಿ ಹಸಿರು ಬಿಳಿ ಮಚ್ಚೆಯ ಅಗಲ ಎಲೆ ಗಿಡ, ಆಫೀಸುಗಳಲ್ಲೆಲ್ಲ ಕುಂಡದಲ್ಲಿ ಇಟ್ಟಿರ್ತಾರಲ್ಲ ಡೀಫೆನ್‌ಬಾಕಿಯಾ, ಅದರ ಎಲೆ ಕಿತ್ತು ಕಚ್ಚಿದಾನೆ. ಒಂದು ಕ್ಷಣ ಸುಮ್ಮನಿದ್ದ, ಆಮೇಲೆ ಕಿರುಚಿದ ಕಿರುಚು ಇವತ್ತಿಗೂ ಕಿವೀಲಿದೆ. ಬಾಯಿಂದ ಜೊಲ್ಲು ಸುರೀತಾ ಇದೆ, ತುಟಿ ಕಣ್ಣೆದುರಿಗೇ ಊದ್ತಾ ಇದೆ, ನಂಗೆ ಗಿಡದ ಹೆಸರು ಗೊತ್ತಿಲ್ಲ. ಅಲ್ಲೇ ನೀರು ಹಾಕ್ತಿದ್ದ ಮಾಲಿ ಒಬ್ರು ಓಡಿ ಬಂದು ಪೈಪಿಂದ ಬಾಯಿ ತೊಳೆಸಿ, ಆ ಎಲೆ ತುಂಡನ್ನ ನನ್ನ ಜೇಬಿಗೆ ಹಾಕಿ "ಡಾಕ್ಟರ್‌ಗೆ ಇದನ್ನ ತೋರಿಸಿ" ಅಂದ್ರು. ಆಸ್ಪತ್ರೇಲಿ ಮೊದಲು ಕೇಳಿದ್ದೇ ಯಾವ ಗಿಡ ಅಂತ. ಅದರ ಎಲೇಲಿ ಸೂಜಿ ತರದ ಆಕ್ಸಲೇಟ್ ಹರಳು ಇರ್ತವಂತೆ, ಕಚ್ಚಿದ ಕೂಡ್ಲೇ ಬಾಯಿಗೆಲ್ಲ ಚುಚ್ಕೊಳ್ತವೆ. ಸಂಜೆ ಹೊತ್ತಿಗೆ ಇಳೀತು, ಮಾರನೇ ದಿನ ಆರಾಮಾದ.

ದಾರಿ ಅಂಚಿಗೇ ಆ ಗಿಡ ನೆಟ್ಟಿದ್ರು, ಒಂದು ಎಚ್ಚರಿಕೆ ಬೋರ್ಡ್ ಇರ್ಲಿಲ್ಲ. ಆ ಬೇಜಾರು ಇದೆ. ಆದ್ರೂ ನೋಡ್ಕೋಬೇಕಾದೋನು ನಾನೇ. ಅದಕ್ಕೇ ಕೆಲವು ಗಿಡ ದೊಡ್ಡೋರು ಗುರುತಿಟ್ಕೊಳ್ಳಲೇಬೇಕು. ಕಣಗಿಲೆ, ಎಲೆ ಹೂವು ಕಡ್ಡಿ ಎಲ್ಲ ವಿಷ. ದತ್ತೂರ. ಹರಳು ಬೀಜ. ಎಲ್ಲಕ್ಕಿಂತ ಮಕ್ಕಳ ಕಣ್ಣಿಗೆ ಬೀಳೋದು ಗುಲಗಂಜಿ, ಕೆಂಪಗೆ ಹೊಳೀತಾ ತುದೀಲಿ ಕಪ್ಪು ಚುಕ್ಕಿ, ಮಣಿ ಅಂತ ಬಾಯಿಗೆ ಹಾಕ್ಕೋತಾರೆ, ಅಗಿದುಬಿಟ್ರೆ ತುಂಬಾ ಅಪಾಯ. "ಮುಟ್ಟು, ಮೂಸು, ಬಾಯಿಗೆ ಬೇಡ" ಅಂತ ಗೇಟಲ್ಲೇ ಮೂರು ಸಲ ಹೇಳಿಸಿ ಒಳಗೆ ಕರ್ಕೊಂಡು ಹೋಗ್ತೀನಿ ಈಗ.

ಮಕ್ಕಳ ವಾರ್ಡ್
ನಾನು ಮಕ್ಕಳ ವಿಭಾಗದಲ್ಲಿ ನರ್ಸ್. ಅಪ್ಪ ಬರೆದಿದ್ದರಲ್ಲಿ ಆ ಮಾಲಿ ಮಾಡಿದ್ದು ನೂರಕ್ಕೆ ನೂರು ಸರಿ. ಬಾಯಲ್ಲಿ ಉಳಿದಿದ್ದನ್ನ ಬೆರಳಿಂದ ತೆಗೀರಿ, ನೀರಲ್ಲಿ ಬಾಯಿ ಕೈ ತೊಳೀರಿ, ಗಿಡದ ತುಂಡು ಅಥ್ವಾ ಫೋಟೋ ತಗೊಳ್ಳಿ, ಸೀದಾ ಆಸ್ಪತ್ರೆಗೆ ಹೋಗಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸ್ಬೇಡಿ, ಉಪ್ಪು ನೀರು ಕುಡಿಸ್ಬೇಡಿ, ಇಳಿಯೋವಾಗ ಸುಟ್ಟಿದ್ದು ಹತ್ತೋವಾಗ ಇನ್ನೊಂದ್ಸಲ ಸುಡುತ್ತೆ. ಉಸಿರಾಡೋಕೆ ಕಷ್ಟ ಪಡ್ತಿದ್ರೆ, ದನಿ ಬದಲಾದ್ರೆ ಒಂದು ನಿಮಿಷಾನೂ ಕಾಯಬೇಡಿ. ಮಗು ಆರಾಮಾಗಿ ಆಡ್ತಿದೆ ಅಂತ ಗುಲಗಂಜಿ, ಹರಳು ಬೀಜ ನುಂಗಿದ್ದನ್ನ ಮನೇಲೇ ನೋಡೋಣ ಅಂತ ಇರಬೇಡಿ, ಅದರ ತೊಂದರೆ ಎಷ್ಟೋ ಗಂಟೆ ಬಿಟ್ಟು ಕಾಣಿಸ್ಕೊಳ್ಳುತ್ತೆ.

ಮಳೆಹನಿ
ಓದಿ ಕೈ ನಡುಗ್ತು. ಮಗ ಹುಷಾರಾಗಿದಾನಲ್ಲ, ಅಷ್ಟೇ ಸಾಕು. ಆ ಮೂರು ಮಾತು ನಾನೂ ಹೇಳ್ಕೊಡ್ತೀನಿ. ಹೆಸರಿನ ವಿಷಯ ಯಾರೂ ಹೇಳ್ಲಿಲ್ಲ. ನಾನು ಒಂದೊಂದು ಬೋರ್ಡೂ ಓದಿ ಹೇಳ್ತಿದ್ದೆ, ಅವಳು ಕೇಳಿಸ್ಕೊಳ್ತಾನೇ ಇರ್ಲಿಲ್ಲ.

ಟೀಚರಜ್ಜಿ
ಮೂವತ್ತೊಂದು ವರ್ಷ ಪ್ರೈಮರಿ ಶಾಲೇಲಿ ಪಾಠ ಮಾಡಿದೀನಮ್ಮ, ಈಗ ಮೊಮ್ಮಗನ ಜೊತೆ ವಾರಕ್ಕೊಂದು ಸಲ ಗಾರ್ಡನ್‌ಗೆ ಹೋಗ್ತೀನಿ. ಹೆಸರು ಮೊದಲು ಮಗು ಇಡ್ಲಿ, ಆಮೇಲೆ ನೀನು ಹೇಳು. ಅವನು ಅರಳಿ ಎಲೆಗೆ "ಬಾಲದ ಎಲೆ" ಅಂತ ಹೆಸರಿಟ್ಟ. ನಾನು ಬೋರ್ಡ್ ಓದ್ಲಿಲ್ಲ, ಬಾಟಲಿಂದ ನಾಲ್ಕು ಹನಿ ನೀರು ಎಲೆ ಮೇಲೆ ಬಿಟ್ಟೆ. ನೀರು ನರಗಳ ಗುಂಟ ಹರಿದು ಬಾಲಕ್ಕೆ ಬಂದು, ಅಲ್ಲಿ ಒಂದು ಹನಿ ತೂಗಾಡಿ ತೂಗಾಡಿ ತೊಟ್ ಅಂತ ಬಿತ್ತು. ಮಳೆ ನೀರು ಎಲೆ ಮೇಲೆ ನಿಲ್ಲದೇ ಇರ್ಲಿ ಅಂತಾನೇ ಆ ಬಾಲ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಬಾಟಲಿ ಖಾಲಿ ಮಾಡಿಸಿದ. ಆಮೇಲೆ "ಇದಕ್ಕೆ ಅರಳಿ ಅಂತಾರೆ" ಅಂದೆ. ಮರೆಯೋದುಂಟಾ?

ಅದೇ ನೀರನ್ನ ತಾವರೆ ಎಲೆ ಮೇಲೆ ಹಾಕಿ ತೋರಿಸಮ್ಮ, ಅಲ್ಲಿ ಒದ್ದೆ ಆಗೋದೇ ಇಲ್ಲ, ಪಾದರಸದ ತರ ಉಂಡೆ ಉಂಡೆಯಾಗಿ ಓಡುತ್ತೆ. ಎಲೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಅದರ ಮೇಲೆ ಮೇಣ. ನೀರು ಉರುಳಿ ಹೋಗೋವಾಗ ಧೂಳನ್ನೂ ಎತ್ಕೊಂಡು ಹೋಗುತ್ತೆ.

ಮೊಮ್ಮಗನಿಗೆ ಈಗ ಆರು ತುಂಬಿದೆ, ಈಗ ಬೋರ್ಡ್ ಓದ್ತೀವಿ. ಆಲ, ಅರಳಿ, ಅತ್ತಿ ಮೂರಕ್ಕೂ ಮೊದಲ ಹೆಸರು ಫೈಕಸ್ ಅಂತಾನೇ ಇದೆ ಅಂತ ಅವನೇ ಕಂಡ್ಹಿಡಿದ. ಮೂರೂ ಒಂದೇ ಮನೆತನ ಅಂದೆ. ಲಿನ್ನೇಯಸ್ 1753ರಲ್ಲಿ ತಮ್ಮ ಪುಸ್ತಕದಲ್ಲಿ ಸಸ್ಯಗಳಿಗೆಲ್ಲ ಹೀಗೆ ಎರಡೆರಡು ಪದದ ಹೆಸರು ಕೊಟ್ಟಿದ್ದು, ಮೊದಲನೇದು ಮನೆತನ, ಎರಡನೇದು ಅದರದ್ದೇ ಹೆಸರು. ಅವತ್ತಿಂದ ಯಾವ ಗಿಡ ಕಂಡ್ರೂ "ಇದರ ಮನೆತನ ಯಾವುದಜ್ಜಿ" ಅಂತಾನೆ. ಮೂರು ವರ್ಷಕ್ಕೆ ಅದೆಲ್ಲ ಬೇಡ.

ಬಿಳಲು
ಟೀಚರ್ ಆಲದ ಮರದ ಮಾತು ಎತ್ತಿದ್ರು ಅಂತ ಹೇಳ್ತಿದೀನಿ. ಹೌರಾದ ಬೊಟಾನಿಕ್ ಗಾರ್ಡನ್ ಶುರುವಾಗಿದ್ದು 1787ರಲ್ಲಿ, ಅಲ್ಲಿರೋ ದೊಡ್ಡ ಆಲದ ಮರದ ಮುಖ್ಯ ಕಾಂಡಕ್ಕೆ ಶಿಲೀಂಧ್ರ ತಗುಲಿ ಕೊಳೆತು 1925ರಲ್ಲಿ ಅದನ್ನ ಕಡಿದು ತೆಗೆದ್ರು. ಮರ ಸಾಯ್ಲಿಲ್ಲ, ನೆಲಕ್ಕಿಳಿದ ಬಿಳಲುಗಳೇ ಕಾಂಡ ಆಗಿ ಇವತ್ತಿಗೂ ಹರಡ್ತಾನೇ ಇದೆ, ದೂರದಿಂದ ನೋಡಿದ್ರೆ ಕಾಡು ಅನ್ಸುತ್ತೆ. ನನ್ನ ತಂಗಿ ಮಗಳಿಗೆ ಇದನ್ನ ಹೇಳಿದಾಗ "ಹಂಗಾದ್ರೆ ಅಮ್ಮ ಯಾವ್ದು?" ಅಂತ ಕೇಳಿದ್ಲು. ಎಲ್ಲಾನೂ ಒಂದೇ ಮರ ಪುಟ್ಟಾ ಅಂದೆ. ಒಪ್ಲಿಲ್ಲ, ಬಿಳಲುಗಳಲ್ಲೇ ದಪ್ಪಗಿರೋದನ್ನ ಅಮ್ಮ ಅಂತ ತೀರ್ಮಾನ ಮಾಡಿದ್ಲು.

ಕಳ್ಳಿ ಮುಳ್ಳು
ನಂದು ಸ್ವಲ್ಪ ದುಃಖದ ವಿಷಯ, ಆದ್ರೆ ಮಕ್ಕಳಿಗೆ ಹೇಳ್ಬಾರ್ದು ಅಂತೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಲಂಡನ್ನಿನ ಕ್ಯೂ ಗಾರ್ಡನ್ನಲ್ಲಿ ಎನ್ಸೆಫಲಾರ್ಟೋಸ್ ವುಡೀ ಅನ್ನೋ ಸೈಕಡ್ ಗಿಡ ಇದೆ, ನೋಡೋಕೆ ಗಿಡ್ಡ ಪಾಮ್ ತರ, ಆದ್ರೆ ಪಾಮ್ ಅಲ್ಲ, ಡೈನೋಸಾರ್‌ಗಳಿಗಿಂತ ಹಳೇ ವಂಶ. ದಕ್ಷಿಣ ಆಫ್ರಿಕಾದ ಒಂದು ಕಾಡಲ್ಲಿ 1895ರಲ್ಲಿ ಇದು ಸಿಕ್ಕಿದ್ದು, ಒಂದೇ ಒಂದು ಗಿಡ, ಅದೂ ಗಂಡು. ಸೈಕಡ್‌ಗಳಲ್ಲಿ ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ. ಹೆಣ್ಣನ್ನ ಹುಡುಕ್ತಾನೇ ಇದಾರೆ, ಇಲ್ಲಿವರೆಗೂ ಸಿಕ್ಕಿಲ್ಲ. ಈಗ ಪ್ರಪಂಚದ ಬೇರೆ ಬೇರೆ ಗಾರ್ಡನ್‌ಗಳಲ್ಲಿ ಇರೋದೆಲ್ಲ ಅದೊಂದರಿಂದಲೇ ಬೇರ್ಪಡಿಸಿ ಬೆಳೆಸಿರೋ ಮರಿಗಳು, ಕಾಡಲ್ಲಿ ಒಂದೂ ಇಲ್ಲ.

ಮಗಳಿಗೆ ಐದು ವರ್ಷ ಇದ್ದಾಗ ನಾವು ನೋಡಿದ್ದು. ಕತೆ ಹೇಳಿ ಮುಗಿಸಿದೆ, ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ "ಅದಕ್ಕೆ ಗೊತ್ತಾ, ತಾನೊಬ್ನೇ ಅಂತ?" ಅಂದ್ಲು. ನಂಗೆ ಉತ್ತರ ಹೊಳೀಲಿಲ್ಲ. "ಅದಕ್ಕೇ ಇಲ್ಲಿ ಇಷ್ಟು ಜನ ನೋಡ್ಕೊಳ್ತಿದಾರೆ" ಅಂದೆ. ಹೋಗೋವಾಗ ಟಾಟಾ ಮಾಡಿದ್ಲು. ಬೊಟಾನಿಕಲ್ ಗಾರ್ಡನ್ ಯಾಕೆ ಬೇಕು ಅಂತ ನಂಗೇ ಸರಿಯಾಗಿ ಅರ್ಥ ಆಗಿದ್ದು ಅವತ್ತು.

ಎರಡು ಮಕ್ಕಳ ಅಮ್ಮ
ಓದಿ ಗಂಟಲು ಕಟ್ತು. ಕೊಳದ ಹತ್ರ ಹೋಗೋರಿಗೆ ಒಂದು ಮಾತು. ವಿಕ್ಟೋರಿಯಾ ಅನ್ನೋ ದೊಡ್ಡ ನೈದಿಲೆ ಇದ್ರೆ ಎಲೆ ಎರಡು ಮೀಟರ್ ದಾಟುತ್ತೆ, ಅಂಚು ತಟ್ಟೆ ತರ ಎದ್ದಿರುತ್ತೆ, ಮಕ್ಕಳು ಕೇಳೋದೇ "ನಾನು ಕೂರ್ಲಾ?" ಅಂತ. 1849ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋ ತೋಟಗಾರ ತನ್ನ ಪುಟ್ಟ ಮಗಳನ್ನ ನಿಜಕ್ಕೂ ಆ ಎಲೆ ಮೇಲೆ ನಿಲ್ಲಿಸಿದ್ದ, ಎಲೆ ಮುಳುಗಲಿಲ್ಲ. ಎಲೆ ಕೆಳಗೆ ಜೇಡರ ಬಲೆ ತರ ದಪ್ಪ ನರಗಳು ಹೆಣೆದಿರೋದು ಆ ಬಲಕ್ಕೆ ಕಾರಣ, ಜೊತೆಗೆ ಮುಳ್ಳೂ ಇರುತ್ತೆ. ನಮ್ಮ ಮಕ್ಕಳನ್ನ ಕೂರಿಸೋದು ಬೇಡ, ಕೊಳದ ಆಳ ನಮಗೆ ಗೊತ್ತಿರಲ್ಲ. ನೀರಿನ ಹತ್ರ ಇರೋವಷ್ಟು ಹೊತ್ತು ಕೈ ಬಿಡ್ಬೇಡಿ, ಫೋನ್ ಬ್ಯಾಗಲ್ಲಿರ್ಲಿ.

ಬೆಳಗಿನ ಆರು
ಕೈ ಬಿಡೋ ವಿಷಯ ಬಂತು ಅಂತ ಇದನ್ನೂ ಸೇರಿಸ್ತೀನಿ. ಅವಳಿಗಳಲ್ಲಿ ಒಬ್ಬಳು ಬಿದಿರು ಮೆಳೆ ಹಿಂದೆ ಮೂರು ನಿಮಿಷ ಕಾಣಿಸ್ಲಿಲ್ಲ. ಹಸಿರು ಫ್ರಾಕ್ ಹಾಕಿದ್ದೆ, ಎಲ್ಲಿ ನೋಡಿದ್ರೂ ಹಸಿರೇ. ಅವತ್ತಿಂದ ಕಿತ್ತಳೆ ಅಥ್ವಾ ಕೆಂಪು ಬಟ್ಟೆ ಬಿಟ್ಟು ಬೇರೆ ಹಾಕಲ್ಲ. "ಅಪ್ಪ ಕಾಣಿಸ್ಲಿಲ್ಲ ಅಂದ್ರೆ ಓಡ್ಬೇಡಿ, ಹತ್ರ ಇರೋ ಮರಾನ ತಬ್ಕೊಂಡು ನಿಂತು ಜೋರಾಗಿ ಕೂಗಿ" ಅಂತ ಹೇಳ್ಕೊಟ್ಟಿದೀನಿ. ಹುಡುಕೋರಿಗೆ ನಿಂತಿರೋ ಮಗು ಸಿಗೋದು ಸುಲಭ, ಮಗೂಗೂ ಮರ ಹಿಡ್ಕೊಂಡ್ರೆ ಭಯ ಸ್ವಲ್ಪ ಕಮ್ಮಿ. ಪ್ರತೀ ಸಲ ಗೇಟ್ ಹತ್ರ ಒಂದು ಮರ ತಬ್ಬಿಸಿ ಅಭ್ಯಾಸ ಮಾಡಿಸ್ತೀನಿ.

ಸದ್ದಿಲ್ಲದ ಮನೆ
ಇಲ್ಲಿವರೆಗೂ ಸುಮ್ಮನೆ ಓದ್ತಿದ್ದೆ. ನನ್ನ ಮಗನಿಗೆ ಆಟಿಸಂ ಇದೆ, ಆರು ವರ್ಷ. ಮಾಲ್, ಮದುವೆ ಮನೆ, ಹುಟ್ಟುಹಬ್ಬ ಎಲ್ಲೂ ಹತ್ತು ನಿಮಿಷ ಇರೋಕಾಗಲ್ಲ ಅವನಿಗೆ, ಕಿವಿ ಮುಚ್ಕೊಂಡು ಕೂತ್ಬಿಡ್ತಾನೆ. ವಾರದ ನಡುವೆ ಬೆಳಗ್ಗೆ ಗಾರ್ಡನ್‌ಗೆ ಹೋದ್ರೆ ಮಾತ್ರ ಅವನ ಭುಜ ಇಳಿಯುತ್ತೆ, ಅದು ನಂಗೆ ಕಾಣುತ್ತೆ. ಅವನು ಹೂವು ನೋಡಲ್ಲ, ತೊಗಟೆ ಮುಟ್ತಾನೆ. ನುಣ್ಣಗಿರೋ ನೀಲಗಿರಿ, ಬಿರುಕು ಬಿಟ್ಟ ಮಾವು, ಮುಳ್ಳು ಮುಳ್ಳಾಗಿರೋ ಬೂರುಗ, ಎಲ್ಲಕ್ಕೂ ಅದೇ ಕ್ರಮದಲ್ಲಿ ಹೋಗಿ ಅಂಗೈ ಇಡ್ತಾನೆ, ಒಂದು ಬಿಟ್ರೂ ವಾಪಸ್ ಹೋಗಿ ಮುಟ್ಟಿ ಬರ್ತಾನೆ. ಕೆಲವು ಗಾರ್ಡನ್‌ಗಳಲ್ಲಿ ಮುಟ್ಟೋಕೆ ಮೂಸೋಕೆ ಅಂತಾನೇ ಗಿಡಗಳನ್ನ ಎತ್ತರದ ಪಾತೀಲಿ ಬೆಳೆಸಿರ್ತಾರೆ, ಮೊದಲೇ ಕೇಳಿ ಹೋಗಿ. ಗಾಜಿನ ಮನೇಲಿ ಮಂಜು ಬಿಡೋ ಯಂತ್ರ ಇದ್ದಕ್ಕಿದ್ದಂಗೆ ಬುಸ್ ಅನ್ನುತ್ತೆ, ಅದಕ್ಕೆ ಬೆಚ್ಚಿಬಿದ್ದು ಒಂದ್ಸಲ ತುಂಬಾ ಕಷ್ಟ ಆಗಿತ್ತು. ಈಗ ಒಳಗೆ ಹೋಗೋ ಮುಂಚೆ ಸಿಬ್ಬಂದಿ ಹತ್ರ ಯಾವಾಗ ಬಿಡ್ತೀರಿ ಅಂತ ಕೇಳ್ಕೋತೀನಿ. ಯಾರೂ ಇಲ್ಲ ಅಂದಿಲ್ಲ ಇವತ್ತಿನವರೆಗೂ.

ತೋಟದ ಕೆಲಸ
ಮೇಡಂ, ನಿಮ್ಮಂಥೋರು ಬಂದು ಕೇಳಿದ್ರೆ ನಮಗೆ ಖುಷಿ. ಮಂಜು ಹತ್ತು ನಿಮಿಷ ತಡ ಆದ್ರೆ ಗಿಡಕ್ಕೇನೂ ಆಗಲ್ಲ.

ಮಳೆಹನಿ
ಇವತ್ತು ಗುರುವಾರ, ರಜೆ ಹಾಕಿ ಬೆಳಗ್ಗೆ ಹೋಗಿ ಬಂದ್ವಿ. ಮ್ಯಾಪ್ ತಗೊಂಡಿದ್ದು ಟಾಯ್ಲೆಟ್ ಎಲ್ಲಿ ಅಂತ ನೋಡೋಕೆ ಮಾತ್ರ. ಕೆಂಪು ಟೀ ಶರ್ಟ್ ಹಾಕಿಸಿದ್ದೆ. ಗೇಟಲ್ಲಿ "ಮುಟ್ಟು, ಮೂಸು, ಬಾಯಿಗೆ ಬೇಡ" ಮೂರು ಸಲ ಆಯ್ತು. ಆಮೇಲೆ "ಕಾಲಿರೋ ಮರ ಎಲ್ಲಿದೆ, ನಂಗೆ ತೋರಿಸು" ಅಂದೆ.

ಕರ್ಕೊಂಡು ಹೋದ್ಲು! ಇರುವೆ ಸಾಲಿದ್ದ ಜಾಗದಿಂದ ಬಲಕ್ಕೆ, ಪೈಪಿನ ಹತ್ರ ಎಡಕ್ಕೆ, ನಾನು ಅವತ್ತು ಎಳ್ಕೊಂಡು ಹೋದ ದಾರಿ ಅವಳಿಗೆ ಪೂರ್ತಿ ನೆನಪಿತ್ತು. ಮರದ ಬೇರು ಅವಳಿಗಿಂತ ಎತ್ತರ. ಬೇಲಿ ಆಚೆ ನಿಂತ್ಕೊಂಡೇ ಎಣಿಸಿದ್ಲು, ಒಂದು ಎರಡು ಮೂರು ಐದು, ನಾಲ್ಕು ಯಾವಾಗ್ಲೂ ಬಿಡ್ತಾಳೆ. ಎರಡು ಬೇರಿನ ಮಧ್ಯೆ ಮಳೆ ನೀರು ನಿಂತಿತ್ತು, ಅದರಲ್ಲಿ ಒಂದು ಒಣಗಿದೆಲೆ ತೇಲ್ತಿತ್ತು, ಎಲೆ ಮೇಲೆ ಒಂದು ಇರುವೆ ಆ ತುದಿಗೆ ಹೋಗುತ್ತೆ ಈ ತುದಿಗೆ ಬರುತ್ತೆ. "ಅದು ಮನೆಗೆ ಹೆಂಗೆ ಹೋಗುತ್ತೆ?" ಅಂದ್ಲು. ಗಾಳಿ ಬೀಸಿ ಎಲೆ ಬೇರಿಗೆ ತಾಗೋವರೆಗೂ ಇಬ್ರೂ ಕಾದ್ವಿ, ಎಷ್ಟು ಹೊತ್ತೋ ನೋಡ್ಕೊಳ್ಳಿಲ್ಲ. ಇರುವೆ ಇಳಿದು ಹೋಯ್ತು. ತಗಡಿನ ಬಿಲ್ಲೇನೂ ಸಿಕ್ತು ಸರ್, ನಂಬರ್ ಶುರುವಾಗೋದು 1961 ಅಂತ, ನಮ್ಮಮ್ಮ ಹುಟ್ಟಿದ ವರ್ಷ. ಫೋನ್ ಮಾಡಿ ಅಮ್ಮಂಗೆ ಹೇಳಿದ್ವಿ.

ಗಾಜಿನ ಮನೆಗೂ ಹೋಗ್ಲಿಲ್ಲ, ಕೊಳಕ್ಕೂ ಹೋಗ್ಲಿಲ್ಲ. ಒಂದೂಕಾಲು ಗಂಟೆಗೆ ಆಚೆ ಬಂದ್ವಿ.

ಟೀಚರಜ್ಜಿ
ಆ ಮರಕ್ಕೆ ಏನು ಹೆಸರಿಟ್ಟಳಮ್ಮಾ?

ಮಳೆಹನಿ
"ನಿಂತ್ಕೊಂಡಿರೋ ಮರ" ಅಂತ ಟೀಚರ್. ಬೋರ್ಡ್ ಇನ್ನೂ ಓದಿಲ್ಲ, ಮುಂದಿನ ಗುರುವಾರ ಓದ್ತೀವಿ.